ಭಾವನ ಪುಡಿ

ಅವಳ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಮಾತೇ ಬಂಡವಾಳ. ಮೊದಲು ಕೊಳವೆ ಮಾರಿದ, ಆಮೇಲೆ ಗೋಡೆಯ ಬಣ್ಣ ಮಾರಿದ, ನಡುವೆ ಒಂದಷ್ಟು ಕಾಲ ಕೂದಲು ಬೆಳೆಸುವ ಎಣ್ಣೆ ಮಾರಿದ. ಅವನ ತಲೆಯೇ ನುಣ್ಣಗಿತ್ತು, ಆದರೂ ಜನ ಕೊಂಡರು. ಈಗ ಸೂಕ್ಷ್ಮಜೀವಿಗಳನ್ನು ಮಾರಲು ಹೊರಟಿದ್ದ.

ಅವಳೋ ಸೂಕ್ಷ್ಮಜೀವಿ ವಿಜ್ಞಾನಿ. ಕೊಳಕು ನೀರಿನಲ್ಲಿ ಯಾವ ಜೀವಿ ಏನನ್ನು ತಿನ್ನುತ್ತದೆ ಎಂದು ನೋಡುವುದರಲ್ಲೇ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದಳು. ಬಟ್ಟೆ ಕಾರ್ಖಾನೆಯ ಬಣ್ಣ ತಿನ್ನುವ ಬ್ಯಾಕ್ಟೀರಿಯಾವನ್ನು ಅದೇ ಕಾರ್ಖಾನೆಯ ಹಿಂದಿನ ಮೋರಿಯಿಂದ ಹೆಕ್ಕಿ ತಂದು, ಹನ್ನೊಂದು ವರ್ಷ ಸಾಕಿ, ಅಲ್ಲಿನ ತೊಟ್ಟಿಯಲ್ಲೇ ಕೆಲಸಕ್ಕೆ ಹಚ್ಚಿದವಳು. ನೇರಳೆಯಾಗಿ ಒಳಹೋದ ನೀರು ತಿಳಿಯಾಗಿ ಹೊರಬಂದ ದಿನ ಪ್ರಯೋಗಾಲಯದ ಮುಖ್ಯಸ್ಥರು ಇಸ್ತ್ರಿ ಮಾಡಿದ ಕೋಟು ತೊಟ್ಟು ಫೋಟೋಗೆ ನಿಂತರು. ಮೊಣಕಾಲುದ್ದದ ಬೂಟು ಹಾಕಿಕೊಂಡು ತೊಟ್ಟಿಯೊಳಗೆ ಮಾದರಿ ತೆಗೆಯುತ್ತಿದ್ದ ಅವಳನ್ನು ಮೇಲೆ ಬಾ ಎಂದು ಕರೆಯಲು ಒಬ್ಬರಿಗೂ ನೆನಪಾಗಲಿಲ್ಲ.

ಮನೆಯಲ್ಲಿ ಅವಳು 'ಮೋರಿ ಡಾಕ್ಟರು'. ಹೆಸರಿಟ್ಟವನು ಭಾವನೇ. ನಾಲ್ಕು ಜನ ಸೇರಿದರೆ ಸಾಕು, "ನಮ್ಮ ನಾದಿನಿ ಬಂದ್ಲು, ಕಿಟಕಿ ತೆಗೀರಪ್ಪೋ" ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದ. ಅವಳು ಅದಕ್ಕೆ ನೊಂದುಕೊಂಡವಳಲ್ಲ. ನೊಂದುಕೊಳ್ಳಲು ಎದುರಿನವನ ಮೇಲೆ ಚೂರಾದರೂ ಗೌರವ ಬೇಕು.

ಅಂಥ ಭಾವ ಒಂದು ಭಾನುವಾರ ಬೆಳಿಗ್ಗೆ ಹಲ್ಲು ಕಿರಿಯುತ್ತ ಬಂದು, ಮೇಜಿನ ಮೇಲೆ ಥಳಥಳ ಹೊಳೆಯುವ ಪೊಟ್ಟಣವೊಂದನ್ನು ಇಟ್ಟ.

"ಏನಿದು ಭಾವ?"

"ನಿನ್ನ ಸಂಸಾರಾನೇ ಕಣಮ್ಮಾ! ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಕೊಳಚೆ ನೀರಿನ ತೊಟ್ಟಿಗೆ ಸುರಿದ್ರೆ ವಾಸನೆ ಮಾಯ. ನಗರಸಭೆಯವರು ಒಪ್ಪಿದ ಹಾಗೇನೇ. ನೀನೊಂದು ಪತ್ರ ಬರೆದುಕೊಟ್ರೆ ಮುಗೀತು."

"ಪರೀಕ್ಷೆ ಮಾಡದೆ ಬರೆಯಲ್ಲ."

"ಪರೀಕ್ಷೆ ಯಾಕೆ? ನಾನಿದೀನಲ್ಲ!"

"ಅದಕ್ಕೇ ಮಾಡಬೇಕು."

ಪುಡಿಯನ್ನು ನೀರಲ್ಲಿ ಕದಡಿ, ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗಳ ಮೇಲೆ ಸವರಿ, ಮೂರು ದಿನ ಬೆಚ್ಚಗಿಟ್ಟಳು. ಹತ್ತು ತಟ್ಟೆಗಳಲ್ಲಿ ಎಂಟು ಇಟ್ಟಂತೆಯೇ ಬೋಳಾಗಿದ್ದವು. ಎರಡರಲ್ಲಿ ಹಳಸಿದ ಬ್ರೆಡ್ಡಿನ ಮೇಲೆ ಬರುವಂಥ ಬೂಷ್ಟು ಬಂದಿತ್ತು. ಪುಡಿಯಲ್ಲಿ ಮಿಕ್ಕಿದ್ದು ತೌಡು, ಅಡುಗೆ ಸೋಡಾ, ಒಂದಿಷ್ಟು ಸೆಂಟು. ಫೋನು ಮಾಡಿ ಹೇಳಿದಳು: "ಭಾವ, ನಿಮ್ಮ ಪೊಟ್ಟಣದಲ್ಲಿ ಬೂಷ್ಟು ಬಿಟ್ರೆ ಜೀವ ಅನ್ನೋದೇ ಇಲ್ಲ. ಬರೀ ತೌಡು."

"ತೌಡು ಪೌಷ್ಟಿಕ ಅಲ್ವೇನಮ್ಮಾ?" ಎಂದ ಭಾವ.

ಅವನು ಕೈಕಟ್ಟಿ ಕೂರುವ ಆಸಾಮಿಯಲ್ಲ. ವಾರದೊಳಗೆ ಅವಳ ಮುಖ್ಯಸ್ಥರಿಂದಲೇ ಪತ್ರ ಗಿಟ್ಟಿಸಿದ. ಪುಡಿ 'ಅತ್ಯಂತ ಪರಿಣಾಮಕಾರಿ'ಯಂತೆ. ಮುಖ್ಯಸ್ಥರು ಪೊಟ್ಟಣ ಬಿಚ್ಚಿಯೂ ನೋಡಿರಲಿಲ್ಲ. ಇಷ್ಟು ಅಗ್ಗದ ಸಹಿಯ ಕೆಳಗೆ ಇಷ್ಟು ವರ್ಷ ಕೆಲಸ ಮಾಡಿದೆನಲ್ಲ ಎಂದು ಅವಳಿಗೆ ತನ್ನ ಮೇಲೂ ಅಸಹ್ಯವಾಯಿತು. ಪತ್ರದ ಒಂದು ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ನೇರ ಕೊಳಚೆ ಶುದ್ಧೀಕರಣ ಘಟಕಕ್ಕೆ ಹೋದಳು.

ಅಲ್ಲಿ ಅಕ್ಕಪಕ್ಕ ಎರಡು ತೊಟ್ಟಿಗಳು. ಎರಡರಲ್ಲೂ ಕಪ್ಪು ನೀರು, ಕೊಳೆತ ಮೊಟ್ಟೆಯ ನಾತ. ಎಲ್ಲರೂ ಮೇಸ್ತ್ರಿ ಎಂದು ಕರೆಯುವ ಹಿರಿಯ ಕೆಲಸಗಾರ ಸ್ಟೂಲಿನ ಮೇಲೆ ಕೂತಿದ್ದ.

"ತೊಟ್ಟಿಗೆ ಗಾಳಿ ಊದೋ ಮೆಷಿನ್ ಯಾವಾಗ ಓಡುತ್ತೆ?"

"ದೊಡ್ಡವರು ನೋಡೋಕೆ ಬಂದಾಗ ಓಡುತ್ತೆ ಮೇಡಂ. ಕರೆಂಟ್ ಉಳಿಸಿ ಅಂತ ಆರ್ಡರ್ ಆಗಿದೆ."

ನೀರಿನ ಕೊಳೆ ತಿನ್ನುವ ಜೀವಿಗಳು ಆ ತೊಟ್ಟಿಯಲ್ಲೇ ಬೇಕಾದಷ್ಟಿದ್ದವು. ಪಾಪ, ಉಸಿರು ಕಟ್ಟಿ ಬಿದ್ದಿದ್ದವು.

ಅವಳು ನಗರಸಭೆಯ ಎಂಜಿನಿಯರನ ಮುಂದೆ ಪಂದ್ಯ ಒಡ್ಡಿದಳು. ಒಂದು ತೊಟ್ಟಿಗೆ ಭಾವನ ಪುಡಿ, ಇನ್ನೊಂದಕ್ಕೆ ಬರೀ ಗಾಳಿ, ಇಪ್ಪತ್ತು ದಿನ ಗಡುವು. ಯಾರ ಕಡೆಗೂ ವಾಲದೆ ಕುರ್ಚಿ ಕಾಪಾಡಿಕೊಂಡಿದ್ದ ಎಂಜಿನಿಯರು ಸಲೀಸಾಗಿ ಒಪ್ಪಿದ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮ ನಾದಿನಿ ಗಾಳಿ ಮಾರೋಕೆ ಹೊರಟಿದಾಳೆ!"

ಅವಳೂ ಮೇಸ್ತ್ರಿಯೂ ತಮ್ಮ ಪಾಲಿನ ತೊಟ್ಟಿ ಬರಿದು ಮಾಡಿಸಿ, ತಳದ ಗಾಳಿ ಕೊಳವೆಗಳಲ್ಲಿ ಕಟ್ಟಿಕೊಂಡಿದ್ದ ಜಿಡ್ಡನ್ನು ನಾಲ್ಕು ದಿನ ಕೂತು ಕೆರೆದರು. ಮತ್ತೆ ಅದೇ ಕೊಳಚೆ ನೀರು ತುಂಬಿ, ಪಕ್ಕದ ತೊಟ್ಟಿಯ ಕೆಸರನ್ನೇ ಹೆಪ್ಪು ಹಾಕಿದಂತೆ ಒಂದಿಷ್ಟು ಬಿಟ್ಟು, ಮೆಷಿನ್ ಶುರು ಮಾಡಿದರು. ವಾರದಲ್ಲಿ ಕಪ್ಪು ಹೋಗಿ ಕಂದು ಬಣ್ಣ ಬಂತು. ಎರಡು ವಾರಕ್ಕೆ ತೊಟ್ಟಿ ಹಸಿ ಮಣ್ಣಿನ ವಾಸನೆ ಹೊಡೆಯಿತು. ಭಾವನ ತೊಟ್ಟಿಯಲ್ಲಿ ತೌಡೂ ಕೊಳೆತು, ಮೊದಲಿನ ನಾತಕ್ಕೆ ಸೆಂಟಿನ ಘಾಟು ಸೇರಿಕೊಂಡಿತು.

ಇಪ್ಪತ್ತನೇ ದಿನ ಭಾವ ಪತ್ರಿಕೆಯವರನ್ನು ಕಟ್ಟಿಕೊಂಡು ಬಂದ. ಮುಖ್ಯಸ್ಥರೂ ಕೋಟು ತೊಟ್ಟು ಬಂದರು. ಮೇಜಿನ ಮೇಲೆ ಎರಡು ಗಾಜಿನ ಬಾಟಲಿ, ಒಂದರಲ್ಲಿ ತಿಳಿನೀರು, ಇನ್ನೊಂದರಲ್ಲಿ ಮಸಿ. ಭಾವ ಹಿಂದೆಮುಂದೆ ನೋಡದೆ ತಿಳಿನೀರಿನ ಬಾಟಲಿಯನ್ನು ಮೇಲೆತ್ತಿ, "ನೋಡಿ ಸ್ವಾಮಿ, ನಮ್ಮ ಪುಡಿಯ ಮಹಿಮೆ!" ಎಂದ.

"ಅದು ಗಾಳಿ ತೊಟ್ಟಿದು ಸಾರ್," ಎಂದ ಮೇಸ್ತ್ರಿ. "ನಿಮ್ದು ಈ ಕಡೆ ಇರೋದು. ಮುಚ್ಚಳ ಮಾತ್ರ ತೆಗೀಬೇಡಿ."

ಜನ ಗೊಳ್ಳೆಂದರು. ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು, "ನಮ್ಮ ಸಂಸ್ಥೆ ಮೊದಲಿಂದಲೂ ಗಾಳಿಯ ಮಹತ್ವವನ್ನು..." ಎಂದು ಶುರುಮಾಡಿದ್ದರಷ್ಟೆ.

"ಸಾರ್, ನಿಮ್ಮ ಪತ್ರ ಓದ್ಲಾ?" ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಮೊದಲ ಸಾಲಿನಿಂದ ಸಹಿಯವರೆಗೂ ಗಟ್ಟಿಯಾಗಿ ಓದಿದಳು. ಪತ್ರಿಕೆಯವರು ಬರೆದುಕೊಂಡರು. ಮುಖ್ಯಸ್ಥರಿಗೆ ತಟ್ಟನೆ ಬೇರೆಲ್ಲೋ ಮೀಟಿಂಗ್ ನೆನಪಾಯಿತು.

ಪುಡಿಯ ಗುತ್ತಿಗೆ ಬಿದ್ದುಹೋಯಿತು. ಭಾವ ಅವಳ ಜೊತೆ ಮಾತು ಬಿಟ್ಟ. ಆ ಸುಖ ಇಷ್ಟು ಸುಲಭಕ್ಕೆ ಸಿಗುತ್ತದೆಂದು ಗೊತ್ತಿದ್ದರೆ ಯಾವತ್ತೋ ಜಗಳವಾಡುತ್ತಿದ್ದಳು. ಆದರೆ ಒಂದು ಸಂಜೆ ಅಕ್ಕ ಬಂದು ಅಡುಗೆಮನೆಯಲ್ಲಿ ನಿಂತಳು. ಕಣ್ಣು ಊದಿಕೊಂಡಿತ್ತು.

"ನಿಮ್ಮ ಭಾವ ಮನೆಯಿಂದ ಆಚೆಗೇ ಹೋಗ್ತಿಲ್ಲ ಕಣೇ. ಒಂದೇ ಒಂದು ಸುಳ್ಳು ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಆ ನೀರು ಹೋಗೋದು ನಿನ್ನ ಬೀದಿ ಪಕ್ಕದ ಕಾಲುವೆಗೇ ಅಕ್ಕ. ನಿನ್ನ ಮೊಮ್ಮಕ್ಕಳು ಆಡೋದು ಅದರ ದಡದಲ್ಲೇ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋಗುವಾಗ, "ಅವರಿಗೆ ಹೇಳಿದ್ರೆ ಅರ್ಥ ಆಗಲ್ಲ ಬಿಡು," ಎಂದಳು. ಅವಳಿಗೆ ಅಕ್ಕನ ಬಗ್ಗೆ ಮರುಕವಾಯಿತು. ಭಾವನ ಬಗ್ಗೆ ಹುಡುಕಿ ನೋಡಿದರೂ ಆಗಲಿಲ್ಲ.

ಮರುದಿನ ಸೂಕ್ಷ್ಮದರ್ಶಕ ಹೊತ್ತು ಘಟಕಕ್ಕೆ ಹೋದಳು. ಗಾಳಿ ತೊಟ್ಟಿಯ ಒಂದು ಹನಿ ಇಟ್ಟು ಮೇಸ್ತ್ರಿಯನ್ನು ಕರೆದಳು. ಅವನು ಒಂದು ಕಣ್ಣು ಮುಚ್ಚಿ ಬಗ್ಗಿದ.

"ಅಯ್ಯಯ್ಯೋ, ಗಂಟೆ ಥರ ಇದಾವೆ ಮೇಡಂ! ಬಾಲದ ಮೇಲೆ ನಿಂತು ತಲೆ ಆಡಿಸ್ತಿದಾವೆ!"

"ಅವು ಇದ್ರೆ ತೊಟ್ಟಿ ಚೆನ್ನಾಗಿದೆ ಅಂತ. ದಿನಾ ಬೆಳಿಗ್ಗೆ ಎಣಿಸಿ ಬರೆದಿಡಿ."

"ನಾನಾ?"

"ಮತ್ತಿನ್ಯಾರು? ನಮ್ಮ ಮುಖ್ಯಸ್ಥರಾ?"

ಮೇಸ್ತ್ರಿ ಮತ್ತೆ ಬಗ್ಗಿ, ಬೆರಳು ಮಡಿಸುತ್ತ ಎಣಿಸತೊಡಗಿದ.