ಬೈಕುಲ್ಲಾದ ನೀಲಾಬಾಯಿ

ಗುರುಪಾದನ ಮನೆಯಲ್ಲಿ ಅಜ್ಜಿಯ ಮಾತು ಬಂದರೆ ಹಿರಿಯರು ದನಿ ತಗ್ಗಿಸುತ್ತಿದ್ದರು. ಅಜ್ಜ ಅಣವೀರಪ್ಪ ವಿಜಾಪುರದ ಕಡೆಯಿಂದ ಬಂದು ಬೈಕುಲ್ಲಾದ ಮಿಲ್ಲೊಂದರಲ್ಲಿ ದುಡಿಯುತ್ತಿದ್ದಾಗ, ಅಜ್ಜಿ ನೀಲಾಬಾಯಿ ಏಳು ವರ್ಷದ ಮಗನನ್ನು ಬಿಟ್ಟು ಯಾರದೋ ಹಿಂದೆ ಓಡಿಹೋದಳು ಎಂದು ಮನೆತನದವರೆಲ್ಲ ನಂಬಿದ್ದರು. ಆ ಮಗನೇ ಗುರುಪಾದನ ಅಪ್ಪ ಶಿವಪುತ್ರ. ಅವನು ಸಾಯುವವರೆಗೂ ಮೊಮ್ಮಕ್ಕಳ ಮುಂದೆ ತಾಯಿಯ ಹೆಸರೆತ್ತಲಿಲ್ಲ.

ಕಳೆದ ವರ್ಷ ಕಣ್ಣಿನ ಆಪರೇಷನ್ನಿಗೆಂದು ಊರಿನಿಂದ ಬಂದ ದಾಯಾದಿ ಗದಿಗೆಪ್ಪ ಘಾಟ್ಕೋಪರಿನ ಇವರ ಮನೆಯಲ್ಲಿ ಉಳಿದುಕೊಂಡಿದ್ದ. ಅಣವೀರಪ್ಪ ಮುಂಬಯಿಯಲ್ಲಿ ಪಾದ್ರಿಗಳ ಮತಕ್ಕೆ ಸೇರಿದ್ದನಂತೆ, ಮಗನನ್ನು ಕರೆದುಕೊಂಡು ಊರಿಗೆ ಮರಳಿದಾಗ ಮಠದಲ್ಲಿ ಮತ್ತೆ ದೀಕ್ಷೆ ಕೊಟ್ಟು ಒಳಗೆ ತೆಗೆದುಕೊಂಡರಂತೆ ಎಂದು, ತನ್ನ ಅಜ್ಜಿಯಿಂದ ಕೇಳಿದ್ದನ್ನು ಮಾತಿನ ನಡುವೆ ಹೇಳಿದ. ಎಂಬತ್ತು ದಾಟಿದ ಗುರುಪಾದ ಅದನ್ನು ತಳ್ಳಿಹಾಕಿದ. ಮಗಳು ಭುವನೇಶ್ವರಿಯ ತಲೆಯಲ್ಲಿ ಮಾತ್ರ ಅದು ಉಳಿಯಿತು. ವಿಕ್ರೋಳಿಯ ಕಂಪನಿಯ ಆಫೀಸಿನಿಂದ ನಿವೃತ್ತಳಾಗಿ ಅಪ್ಪನನ್ನು ನೋಡಿಕೊಂಡಿದ್ದ ಅವಳಿಗೆ ಈಗ ಸಮಯವೂ ಇತ್ತು.

ಲೋಕಲ್ ರೈಲು ಹಿಡಿದು ಬೈಕುಲ್ಲಾಕ್ಕೆ ಹೋಗಿ ಚರ್ಚುಗಳಲ್ಲಿ ವಿಚಾರಿಸತೊಡಗಿದಳು. ಮೊದಲು ಹೋದ ಕಡೆ ಏನೂ ಸಿಗಲಿಲ್ಲ. ಮಾರುಕಟ್ಟೆಯ ಹಿಂದಿನ ಹಳೆಯ ಚರ್ಚಿನ ಆಫೀಸು ನೋಡಿಕೊಳ್ಳುತ್ತಿದ್ದ ಸುಕೇಶ್ ಮಂಗಳೂರಿನವನು. ಕನ್ನಡ ಕೇಳಿ ಅವನಿಗೆ ಖುಷಿಯಾಯಿತು. ಪಾದ್ರಿಯ ಒಪ್ಪಿಗೆ ಪಡೆದು, ಬಟ್ಟೆಯಲ್ಲಿ ಸುತ್ತಿಟ್ಟ ಇಂಗ್ಲಿಷ್ ರಿಜಿಸ್ಟರುಗಳನ್ನು ಮೇಜಿನ ಮೇಲಿಟ್ಟ. ವಾಲಿಕೊಂಡ ಅಕ್ಷರ, ಕಂದಿದ ಮಸಿ. ಭುವನೇಶ್ವರಿ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು.

ಮೊದಲು ಸಿಕ್ಕಿದ್ದು ಮದುವೆ. ವರ ಅಣವೀರ, ಮಿಲ್ ಕೆಲಸಗಾರ, ವಧು ನೀಲಾಬಾಯಿ, ಇಬ್ಬರದೂ ಸಹಿಯ ಬದಲು ಗೀಟು. ಅವನ ತಂದೆಯ ಕಸುಬು ಬೇಸಾಯ, ಅವಳ ತಂದೆಯದು ಕುಂಬಾರಿಕೆ ಎಂದಿತ್ತು. ಬೇರೆ ಬೇರೆ ಜಾತಿಯ ಇಬ್ಬರೂ ಊರು ಬಿಟ್ಟದ್ದೇಕೆ ಎಂದು ಅವಳಿಗೆ ಹೊಳೆಯಿತು. ಎರಡು ವರ್ಷದ ನಂತರ ಮಗನ ದೀಕ್ಷಾಸ್ನಾನ: ಸ್ಯಾಮ್ಯುವೆಲ್ ಶಿವಪುತ್ರ. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದಿದ್ದ ತನ್ನ ಅಜ್ಜ ಶಿವಪುತ್ರನಿಗೆ ಆ ಹೆಸರು! ಅವಳಿಗೆ ನಗು ಬಂತು. ಆಮೇಲೆ ಮಾರ್ತಾ ಎಂಬ ಮಗಳು ಹುಟ್ಟಿದ್ದಳು. ಅಂಥ ಒಬ್ಬಳಿದ್ದಳೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ವರ್ಷದ ಸಾವಿನ ಪುಟದಲ್ಲಿ ಅದೇ ಹೆಸರಿತ್ತು, ಸಿಡುಬು ಎಂದು ಬರೆದಿತ್ತು.

ಅಷ್ಟಕ್ಕೇ ಸಾಕೆನಿಸಿ ಅವಳು ಎದ್ದಳು. ಸುಕೇಶ್ ತಡೆದ.

"ಇನ್ನೊಂದು ಪುಸ್ತಕ ಉಂಟು ಮೇಡಂ, ಸಾವಿರದ ಒಂಬೈನೂರ ಹದಿನೆಂಟನೇ ಇಸವಿದು. ಆ ವರ್ಷ ಜ್ವರದಲ್ಲಿ ತುಂಬಾ ಜನ ಹೋದದ್ದು. ಅದನ್ನೂ ಒಮ್ಮೆ ನೋಡಿಬಿಡಿ."

ಅದರಲ್ಲಿ ಪುಟಗಟ್ಟಲೆ ಸಾವು. ಒಂದು ಪುಟದ ಅಡಿಯಲ್ಲಿ ನೀಲಾಬಾಯಿ ಇದ್ದಳು: ಅಣವೀರನ ಹೆಂಡತಿ, ವಯಸ್ಸು ಇಪ್ಪತ್ತಾರು, ಜ್ವರ. ಅದರ ಕೆಳಗೆ, ಅದೇ ದಿನ, ಅವಳ ಹಸುಗೂಸು, ಗಂಡು. ಹೆಸರಿಡುವಷ್ಟು ದಿನ ಅದು ಬದುಕಿರಲಿಲ್ಲ. ಗೋರಿಯನ್ನು ನೋಡಬಹುದೇ ಎಂದು ಕೇಳಿದಾಗ, ಬಡವರ ಗೋರಿಗಳಿಗೆ ಕಲ್ಲಿರಲಿಲ್ಲ, ಆ ಜಾಗದಲ್ಲಿ ಎಷ್ಟೋ ಸಲ ಬೇರೆಯವರನ್ನು ಹೂಳಿಯಾಗಿದೆ ಎಂದು ಸುಕೇಶ್ ಮೆಲ್ಲಗೆ ಹೇಳಿದ.

ವಾಪಸು ಬರುವಾಗ ಲೋಕಲ್‌ನಲ್ಲಿ ಭುವನೇಶ್ವರಿ ಮುತ್ತಜ್ಜನ ಬಗ್ಗೆಯೇ ಯೋಚಿಸಿದಳು. ಕುಂಬಾರರ ಹುಡುಗಿ ಮರುಳು ಮಾಡಿ ಕರೆದೊಯ್ದು ಕಡೆಗೆ ಕೈಬಿಟ್ಟಳು ಎಂದು ಅವನು ಹೇಳಿದರೆ ತಪ್ಪೆಲ್ಲ ಅವಳದೇ ಆಗುತ್ತಿತ್ತು, ಊರಿನವರಿಗೆ ಅಪ್ಪ ಮಗ ಇಬ್ಬರನ್ನೂ ಒಳಗೆ ತೆಗೆದುಕೊಳ್ಳುವುದು ಸುಲಭವಾಗುತ್ತಿತ್ತು. ಮಗನ ಸಲುವಾಗಿಯೇ ಹಾಗೆ ಹೇಳಿರಬಹುದು. ಸತ್ತವಳಂತೂ ಬಂದು ಇಲ್ಲವೆನ್ನುವ ಹಾಗಿರಲಿಲ್ಲ.

ಮನೆಗೆ ಬಂದು ಅಪ್ಪನ ಎದುರು ಕುಳಿತಳು.

"ಅಪ್ಪಾ, ಆಕಿ ಎಲ್ಲೂ ಓಡಿ ಹೋಗಿದ್ದಿಲ್ಲ. ಬಾಣಂತ್ಯಾಗ ಜ್ವರ ಬಂದು ತೀರಿಕೊಂಡಿದ್ಲು. ಕೂಸೂ ಹೋತು."

ಅಪ್ಪನಿಗೆ ಸಮಾಧಾನವಾಗಬಹುದೆಂದು ಅವಳು ಅಂದುಕೊಂಡಿದ್ದಳು. ಗುರುಪಾದ ಎಲ್ಲವನ್ನೂ ಕೇಳಿಸಿಕೊಂಡು ತನ್ನ ಅಪ್ಪನ ಮಾತಿಗೇ ಹೋದ.

"ನಮ್ಮಪ್ಪ ಒಂದ ಸಲ ಅಂದಿದ್ದ," ಎಂದ. "ನನ್ನ ಯಾರದೋ ಮನ್ಯಾಗ ಬಿಟ್ಟಿದ್ರು, ತಿರುಗಿ ಕರಕೊಂಡು ಬಂದಾಗ ಅವ್ವ ಇದ್ದಿಲ್ಲ ಅಂತ. ಅವಗ ಜ್ವರ ತಗಲಬಾರದಂತ ಬಿಟ್ಟಿದ್ರು ಅಂತ ಕಾಣಸ್ತದ."

ಆಮೇಲೆ ಅವನು ತನ್ನ ತಾಯಿಯ ಸಂಗತಿ ಹೇಳಿದ. ಭುವನೇಶ್ವರಿ ಅದನ್ನು ಎಂದೂ ಕೇಳಿರಲಿಲ್ಲ. ಶಿವಪುತ್ರ ಹೆಂಡತಿಯನ್ನು ಒಂಟಿಯಾಗಿ ಬಾವಿಗೂ ಕಳಿಸುತ್ತಿರಲಿಲ್ಲ. ತವರಿನಿಂದ ಒಂದು ದಿನ ತಡವಾಗಿ ಬಂದರೆ ಹೊಡೆಯುತ್ತಿದ್ದ. ಹೊಡೆದಾದ ಮೇಲೆ ಅವಳ ಕಾಲ ಬಳಿ ಕುಳಿತು, ಬಿಟ್ಟು ಹೋಗಬೇಡ ಎಂದು ಅಳುತ್ತಿದ್ದ. ಅವಳ ತಂದೆ ಸತ್ತಾಗಲೂ ಅವಳನ್ನು ಮಣ್ಣಿಗೆ ಕಳಿಸಲಿಲ್ಲ. ಹೆಂಗಸರೇ ಹೀಗೆ, ನನ್ನ ಹೆತ್ತವಳೇ ನಿಲ್ಲಲಿಲ್ಲ ಎನ್ನುತ್ತಿದ್ದನಂತೆ. ಅವಳು ಅದನ್ನೆಲ್ಲ ಸಹಿಸಿ ನಲವತ್ತರೊಳಗೇ ತೀರಿಕೊಂಡಳು.

ಗುರುಪಾದ ಫೋನು ಕೊಡು ಎಂದ. ವಿಜಾಪುರದಲ್ಲಿದ್ದ ಅವನ ಅಕ್ಕ ಶಿವಕುಮಾರಿಗೆ ಭುವನೇಶ್ವರಿಯೇ ಕರೆ ಹಚ್ಚಿ ಸ್ಪೀಕರಿಗೆ ಹಾಕಿದಳು. ಅಕ್ಕನಿಗೆ ಕಿವಿ ಮಂದ. ಗುರುಪಾದ ಒಂದೊಂದು ಮಾತನ್ನೂ ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಸತ್ತಿದ್ದಳು ಎಂಬುದನ್ನು ಮೂರು ಸಲ ಕೂಗಿದ.

"ಗುರುಪಾದಾ," ಎಂದಳು ಶಿವಕುಮಾರಿ. "ಇದನ್ನ ನಮ್ಮ ಅವ್ವಗ ಈಗ ಯಾರು ಹೇಳಬೇಕೋ?"

ಕರೆ ಮುಗಿದ ಮೇಲೂ ಗುರುಪಾದ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದ. ಊಟಕ್ಕೆ ಬಡಿಸಲೇ ಎಂದು ಭುವನೇಶ್ವರಿ ಕೇಳಿದಾಗ, ಇನ್ನೊಂದಿಷ್ಟು ಹೊತ್ತು ಬಿಟ್ಟು ಎಂದ.