ಬಸವೇಶ್ವರಿಯ ಒದ್ದೆ ಅಂಗೈ

ಮೊಗುಡಂಪಲ್ಲಿ ಹಳ್ಳಿಯ ಸುಮಿತ್ರಾಬಾಯಿಯ ಪಡಸಾಲೆಯಲ್ಲಿ ಅಂದು ಸರ್ಪಂಚ ಚುನಾವಣೆಗಿಂತ ದೊಡ್ಡ ಪ್ರಶ್ನೆಯೊಂದು ವಿಚಾರಣೆಗೆ ಬಂದಿತ್ತು: ಸೊಸೆಯ ಅಂಗೈ ಸದಾ ಒದ್ದೆ ಏಕೆ?

ಹೊಸ ಸೊಸೆ ಬಸವೇಶ್ವರಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಡಲು ಹೆದರುತ್ತಿದ್ದಳು. ಬೆವರಿಗೆ ವಿಭೂತಿ ಕೆಸರಾಗುತ್ತಿತ್ತು, ಲಿಂಗ ಜಾರುತ್ತಿತ್ತು. ಪೂಜೆಯಾಗದೆ ಅನ್ನ ಮುಟ್ಟುವ ರೂಢಿ ಆ ಮನೆಯಲ್ಲಿರಲಿಲ್ಲ. ಹಾಗಾಗಿ ಅಂಗೈ ಒಣಗುವವರೆಗೂ ಹುಡುಗಿ ಉಪವಾಸ. ಹೆದರಿದಷ್ಟೂ ಅಂಗೈ ಒದ್ದೆ. ಅಂದು ಬೆಳಿಗ್ಗೆ ಒಲೆಯ ಮುಂದೆಯೇ ತಲೆಸುತ್ತಿ ಕುಸಿದಿದ್ದಳು.

"ಏನ್ ಪಾಪ ಮಾಡ್ಯಾಳೋ, ಕೈಯಾಗ ಲಿಂಗ ನಿಂದ್ರವಲ್ದು," ಎಂದಳು ಸುಮಿತ್ರಾಬಾಯಿ.

ಬಸವೇಶ್ವರಿಯ ಮುಖಕ್ಕೆ ನೀರು ಚಿಮುಕಿಸುತ್ತಿದ್ದ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಭಾಗ್ಯ ನಕ್ಕಳು. "ಪಾಪಕ್ಕ ಬೆವರ ಬರಂಗಿದ್ರ ಕಾಕಿ, ನಮ್ಮೂರಾಗ ಎಷ್ಟ್ ಮಂದಿ ತೊಯ್ಸ್ಕೊಂಡು ತಿರಗತಿದ್ರು! ಇದು ಬ್ಯಾನಿ ಅದ. ದವಾಖಾನಿಗಿ ನಡೀರಿ."

"ಬೆವರಿಗಿ ಯಾರರ ಡಾಕ್ಟರ್ ಬಲ್ಲಿ ಹೋಗ್ತಾರೇನ? ಮಂದಿ ನಗ್ತಾರ."

"ನಗೋ ಮಂದಿ ನಿಮ್ಮ ಸೊಸಿಗಿ ಉಣ್ಸಾಕ ಬರತಾರೇನ್ರಿ?"

ಸುಮಿತ್ರಾಬಾಯಿ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು. ವಾದ ಸೋತಾಗಲೆಲ್ಲ ಅದೇ ಅವಳ ಪದ್ಧತಿ. ಮೂವರೂ ಜಹೀರಾಬಾದಿನ ದವಾಖಾನೆಗೆ ಹೋದರು.

ಚರ್ಮದ ಡಾಕ್ಟರಮ್ಮ ಬಸವೇಶ್ವರಿಯ ಅಂಗೈಗೆ ಅಯೋಡಿನ್ ಹಚ್ಚಿ, ಒಣಗಿಸಿ, ಮೇಲೆ ಮೆಕ್ಕೆಜೋಳದ ಬಿಳಿ ಹಿಟ್ಟು ಉದುರಿಸಿದರು. ನೋಡನೋಡುತ್ತಲೇ ಬೆವರು ಹೊರಬರುವ ಸಣ್ಣ ರಂಧ್ರಗಳ ಮೇಲೆಲ್ಲ ನೀಲಿಗಪ್ಪು ಚುಕ್ಕೆಗಳು ಮೂಡಿದವು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಅಂಗೈ ತುಂಬ, ಎಣಿಸಲಾಗದಷ್ಟು. ಸುಮಿತ್ರಾಬಾಯಿ ಬಗ್ಗಿ ನೋಡಿದಳು.

"ಇಷ್ಟ್ ಸಣ್ಣ ಕೈಗಿ ಇಷ್ಟೊಂದು ಬಾಗಲಾ ಇಟ್ಟಾನೇನ್ರಿ ಶಿವ?"

"ಎಲ್ಲಾರ ಕೈಯಾಗೂ ಇಟ್ಟಾನಮ್ಮ. ಈಕಿ ಕೈಯಾಗ ಜರಾ ಜಾಸ್ತಿ ಕೆಲಸ ಮಾಡತಾವ. ಅಂಟು ಜಡ್ಡಲ್ಲ, ಯಾರ ತಪ್ಪೂ ಅಲ್ಲ," ಎಂದರು ಡಾಕ್ಟರಮ್ಮ.

ಸುಮಿತ್ರಾಬಾಯಿ ತನ್ನ ಅಂಗೈಯನ್ನು ಬೆಳಕಿಗೆ ಹಿಡಿದಳು. ಇಷ್ಟು ವರ್ಷ ಲಿಂಗ ಹೊತ್ತ ಕೈಯನ್ನು ಅವಳು ನಿಜವಾಗಿ ನೋಡಿದ್ದು ಅದೇ ಮೊದಲು. ಆಮೇಲೆ ಸೊಸೆಯ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ಬೇರೆ ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಂಡು ಡಾಕ್ಟರಮ್ಮ ಹಚ್ಚುವ ಔಷಧ ಬರೆದುಕೊಟ್ಟರು. ರಾತ್ರಿ ಮಲಗುವಾಗ, ಪೂರ್ತಿ ಒಣಗಿದ ಕೈಗೆ ಹಚ್ಚಬೇಕು, ಬೆಳಿಗ್ಗೆ ತೊಳೆಯಬೇಕು, ಉರಿದರೆ ನಿಲ್ಲಿಸಿ ಬಂದು ತೋರಿಸಬೇಕು. ಅದು ಸಾಲದಿದ್ದರೆ ಬೇರೆ ಚಿಕಿತ್ಸೆಗಳೂ ಇವೆ ಎಂದರು.

ಅಕ್ಕ-ಅಣ್ಣಂದಿರೇ, ಅಂಗೈ, ಅಂಗಾಲು, ಕಂಕುಳು ಬಿಸಿಲಿಲ್ಲದೆಯೂ ಬೆವರಿ ನಿಮ್ಮ ಕೆಲಸ ಕೆಡಿಸುತ್ತಿದ್ದರೆ ಮುಚ್ಚಿಡಬೇಡಿ, ವೈದ್ಯರಿಗೆ ತೋರಿಸಿ. ನಿದ್ದೆಯಲ್ಲಿ ಬೆವರಿ ತೂಕವೂ ಇಳಿಯುತ್ತಿದ್ದರೆ ತಡಮಾಡಬೇಡಿ. ಎದೆನೋವಿನ ಜೊತೆ ತಣ್ಣನೆಯ ಬೆವರು ಬಂದರೆ ಆ ಕ್ಷಣವೇ 108 ಆಂಬುಲೆನ್ಸ್‌ಗೆ ಕರೆ ಮಾಡಿ.

ಕೆಲವು ವಾರ ಔಷಧ ಹಚ್ಚಿದ ಮೇಲೆ ಬಸವೇಶ್ವರಿ ಈಗ ಹೆದರದೆ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುತ್ತಾಳೆ. ಆಮೇಲೆ ಅತ್ತೆ-ಸೊಸೆ ಕೂತು ರೊಟ್ಟಿ ತಿನ್ನುತ್ತಾರೆ.