ಕಣ್ಣಳತೆ

"ಆಯ್ತು. ಇನ್ನು ಅಚ್ಚು ತೆಗಿ," ಎಂದು ಮೇಸ್ತ್ರಿ ಕೈವಾರವನ್ನು ಮಡಚಿ ಪಕ್ಕಕ್ಕಿಟ್ಟರು.

ಗಾರೆ ಕಲಸುತ್ತಿದ್ದ ಮಗಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಹಲಗೆಯ ಮೇಲೆ ಬಗ್ಗಿದಳು. ಹಳೆಯ ಪುರಭವನದ ಎರಡು ಕಂಬಗಳ ನೆತ್ತಿಗೆ ಕೂರಬೇಕಾದ ಬೋದಿಗೆಯ ನಕ್ಷೆ ಅದು. ಎಡಕ್ಕೊಂದು ಸುರುಳಿ, ಬಲಕ್ಕೊಂದು ಸುರುಳಿ, ಎರಡನ್ನೂ ಕೂಡಿಸುವ ಒಂದು ಪಟ್ಟಿ ಇರಬೇಕಿತ್ತು. ಬಲಗಡೆಯ ಸುರುಳಿ ಹೊರಗಿನಿಂದ ಸುತ್ತುತ್ತ, ಸುತ್ತುತ್ತ ಕಿರಿದಾಗಿ, ಒಂದು ಕಡೆಯೂ ಮುಗ್ಗರಿಸದೆ ನಡುವಿನ ಕಣ್ಣನ್ನು ಸೇರಿತ್ತು. ಆ ಸುರುಳಿಯಿಂದ ಎಡಕ್ಕೆ ಹೊರಟ ಪಟ್ಟಿ ಮಾತ್ರ ಅರ್ಧ ದಾರಿಗೆ ನಿಂತುಬಿಟ್ಟಿತ್ತು. ಅದರಾಚೆ ಬರೀ ಕಾಗದ.

"ಎಡಗಡೇದು ನಾಳೆ ಬರೀತೀಯಾ ಅಪ್ಪಾ?"

"ಎಡಗಡೇದೇನು? ಬರೆದಿದೀನಲ್ಲ. ಕಣ್ಣು ಎಲ್ಲಿಟ್ಕೊಂಡಿದೀಯ?"

ತಮಾಷೆಗೆ ಅಂದಿರಬೇಕು ಎಂದುಕೊಂಡು ಅವಳು ಅವರ ಮುಖ ನೋಡಿದಳು. ನಗುವಿನ ಸುಳಿವಿರಲಿಲ್ಲ. ಬಲಗೆನ್ನೆ ನುಣ್ಣಗಿತ್ತು. ಎಡಗೆನ್ನೆಯಲ್ಲಿ ಮೂರು ದಿನದ ಬಿಳಿ ಗಡ್ಡ ಹಾಗೇ ಇತ್ತು. ಊಟದ ತಟ್ಟೆಯಲ್ಲಿ ದಿನವೂ ಒಂದು ಪಕ್ಕ ಹಾಗೇ ಉಳಿಯುತ್ತಿದ್ದುದು, ಚಪ್ಪಲಿ ಒಂದೇ ಕಾಲಿಗೆ ಮೆಟ್ಟಿ ಹೊರಟಿದ್ದು, ಎಲ್ಲ ಅವಳಿಗೆ ಒಟ್ಟಿಗೇ ನೆನಪಾಯಿತು. ವಯಸ್ಸಿನ ಮರೆವು ಎಂದು ಅವಳು ರೇಗಿದ್ದಳು ಕೂಡ.

ಎರಡು ತಿಂಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡು, ಕೈಕಾಲಿಗೆ ಬಲ ಬಂತು ಎಂದು ಕಳಿಸಿದ್ದರು. ಎಡಗೈ ಕೊಂಚ ಜೋಮು ಹಿಡಿದ ಹಾಗಿತ್ತು, ಅಷ್ಟೇ. ಬದುಕಿದೆವಲ್ಲ ಎಂದು ಅಪ್ಪ ಮಗಳಿಬ್ಬರೂ ಕೆಲಸಕ್ಕೆ ಕೂತಿದ್ದರು.

ಕಟ್ಟಡದ ಕೆಲಸದವರೆಲ್ಲ ಅವರನ್ನು 'ಕಣ್ಣಳತೆ ಮೇಸ್ತ್ರಿ' ಎಂದೇ ಕರೆಯುತ್ತಿದ್ದರು. ಬಡಗಿಗಳು ಚಹಾದ ಪಂದ್ಯ ಕಟ್ಟಿ ಗೋಡೆಯ ಮೇಲೆ ಉದ್ದ ಗೆರೆ ಎಳೆಯುತ್ತಿದ್ದರು. ಮೇಸ್ತ್ರಿ ಹತ್ತು ಹೆಜ್ಜೆ ದೂರ ನಿಂತು, ಒಮ್ಮೆ ನೋಡಿ, ನೇರ ಹೋಗಿ ನಡುವಿಗೆ ಚುಕ್ಕೆ ಇಡುತ್ತಿದ್ದರು. ದಾರ ಹಿಡಿದು ಅಳೆದರೆ ನೂಲೆಳೆಯಷ್ಟೂ ಆಚೀಚೆ ಇರುತ್ತಿರಲಿಲ್ಲ. ಅವರು ದುಡ್ಡು ಕೊಟ್ಟು ಚಹಾ ಕುಡಿದದ್ದನ್ನು ಕಂಡವರಿಲ್ಲ ಎಂಬ ಮಾತಿತ್ತು.

ಆ ವಿದ್ಯೆಯನ್ನು ಅವರು ಮಗಳಿಗೆ ಕಲಿಸಿರಲಿಲ್ಲ. ಗಾರೆ ಕಲಸುವುದು, ಅಚ್ಚು ತೆಗೆಯುವುದು, ಎರಕ ಹೊಯ್ಯುವುದು ಅವಳ ಪಾಲು, ಗೆರೆ ಅವರದು. "ಕೈವಾರ ಕಟ್ಕೊಂಡು ನೀನೇನು ಮಾಡ್ತೀಯ, ಹೋಗೋ ಮನೇಲಿ ಯಾರಿಗೆ ಬೇಕು?" ಎಂದಿದ್ದರು, ಅವಳಿಗೆ ಹದಿನೈದಾಗಿದ್ದಾಗ. ಹೋದ ಮನೆಯಿಂದ ಅವಳು ಎಂಟೇ ವರ್ಷಕ್ಕೆ ವಾಪಸು ಬಂದಿದ್ದಳು. ಈಗ ನಲವತ್ತೆರಡು. ಮತ್ತೆ ಅವಳು ಕೇಳಲಿಲ್ಲ, ಅವರು ಕರೆಯಲಿಲ್ಲ. ಕೆಲಸ ಮಾಡುತ್ತ ಅವರು ತಮಗೆ ತಾವೇ ಗೊಣಗುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು: ಸುರುಳಿಯ ಎತ್ತರಕ್ಕೆ ಎಂಟು ಪಾಲು. ಕಣ್ಣಿಗೆ ಒಂದು, ಕಣ್ಣಿನ ಮೇಲೆ ನಾಲ್ಕು, ಕೆಳಗೆ ಮೂರು. ಅಷ್ಟು ಗೊತ್ತಿತ್ತು. ಕೈವಾರದ ಮೊನೆ ಆ ಕಣ್ಣಿನೊಳಗೆ ಎಲ್ಲೆಲ್ಲಿ ಊರುತ್ತ ಹೋಗಬೇಕು ಎಂಬುದು ಗೊತ್ತಿರಲಿಲ್ಲ.

ಮರುದಿನ ಅವರನ್ನು ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಒಂದು ಹಾಳೆಯ ಮೇಲೆ ಅಡ್ಡಗೆರೆ ಎಳೆದು, "ಇದರ ನಡು ಎಲ್ಲಿ, ಗುರುತು ಮಾಡಿ ನೋಡೋಣ," ಎಂದರು.

ಮೇಸ್ತ್ರಿಗೆ ನಗು ಬಂತು. "ಇಷ್ಟೇನಾ ಡಾಕ್ಟ್ರೇ? ಚಹಾ ತರಿಸ್ತೀರಾ ಹಾಗಾದ್ರೆ?"

ಪೆನ್ನು ತೆಗೆದುಕೊಂಡು, ಒಂದಿಷ್ಟೂ ತಡೆಯದೆ, ಗೆರೆಯ ಬಲತುದಿಯಿಂದ ಎರಡು ಬೆರಳಿನಷ್ಟು ಈಚೆಗೆ ಚುಕ್ಕೆ ಇಟ್ಟರು. ಇಟ್ಟು, ಹಾಳೆಯನ್ನು ಡಾಕ್ಟರ ಕಡೆಗೆ ತಳ್ಳಿದರು. ಅಪ್ಪ ಕುಸಿದುಬಿದ್ದ ದಿನವೂ ಅಳದಿದ್ದ ಮಗಳು ನೆಲ ನೋಡುತ್ತ ಕೂತಳು.

"ಕಣ್ಣಿಗೇನೂ ಆಗಿಲ್ಲಮ್ಮ," ಎಂದು ಡಾಕ್ಟರು ಆಮೇಲೆ ಅವಳೊಬ್ಬಳನ್ನೇ ಕರೆದು ಹೇಳಿದರು. "ಎಡಗಡೆ ಅನ್ನೋದು ಒಂದಿದೆ ಅನ್ನೋದನ್ನೇ ಮಿದುಳು ಬಿಟ್ಟುಬಿಟ್ಟಿದೆ. ಕಾಣ್ತಿಲ್ಲ ಅಂತ ಅವರಿಗೆ ಅನ್ನಿಸೋದೇ ಇಲ್ಲ. ಅವರ ಪಾಲಿಗೆ ಎಲ್ಲ ಪೂರ್ತಿ ಇದೆ."

"ಸರಿಹೋಗುತ್ತಾ?"

"ಕೆಲವರಿಗೆ ಸ್ವಲ್ಪ ಸರಿಹೋಗುತ್ತೆ," ಎಂದು ಅವರು ಔಷಧಿ ಚೀಟಿ ಬರೆಯತೊಡಗಿದರು.

ಮನೆಗೆ ಬಂದವಳು ನಕ್ಷೆಯ ಹಲಗೆಯನ್ನು ಅವರ ಮುಂದಿಟ್ಟು, ತಲೆಕೆಳಗಾಗಿ ತಿರುಗಿಸಿದಳು. ಖಾಲಿ ಭಾಗ ಅವರ ಬಲಕ್ಕೆ ಬಂತು. ಮೇಸ್ತ್ರಿ ಬೆಚ್ಚಿಬಿದ್ದರು.

"ಯಾರು ಅಳಿಸಿದ್ದು ಇದನ್ನ?"

"ಯಾರೂ ಅಳಿಸಿಲ್ಲ ಅಪ್ಪಾ."

"ಈ ಕೋಣೇಲಿ ನಾವಿಬ್ರೇ ಇರೋದು. ಕಲಿಸಲಿಲ್ಲ ಅಂತ ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ಯಾ? ನನ್ನ ಮೇಲೆ ಸಿಟ್ಟಿದ್ರೆ ನನಗೆ ಬೈಯಿ. ಕೆಲಸದ ಮೇಲೆ ಯಾಕೆ ತೀರಿಸ್ಕೋತೀಯ?"

ತನ್ನೊಳಗಿನ ಆ ನೋವು ಅವರಿಗೂ ಗೊತ್ತಿತ್ತು ಎಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳು ಅವರ ಬಲಗೈ ಬೆರಳನ್ನು ಹಿಡಿದು ಕಾಗದದ ಮೇಲೆ ಸವರಿಸಿದಳು. ಕೈವಾರದ ಮೊನೆ ಊರಿದಲ್ಲೆಲ್ಲ ಕಾಗದ ತೂತಾಗುತ್ತದೆ. ಅಳಿಸಿದರೂ ತೂತು ಹೋಗುವುದಿಲ್ಲ. ಬೆರಳು ಇಡೀ ಖಾಲಿ ಭಾಗವನ್ನು ತಡವಿತು. ಎಲ್ಲೂ ಏನೂ ತಗುಲಲಿಲ್ಲ. ಮತ್ತೊಮ್ಮೆ ತಡವಿತು.

"ಬರೆದೇ ಇಲ್ಲ," ಎಂದರು ಮೇಸ್ತ್ರಿ. "ಮಗಾ, ಹಾಗಾದ್ರೆ ಈಗ ನಿನ್ನನ್ನೂ ಅರ್ಧವೇ ನೋಡ್ತಿದೀನಾ?"

ಅಂದು ಅವರು ಊಟ ಮಾಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಬೆಳಗ್ಗೆ ಎದ್ದಾಗ ಅದೆಲ್ಲ ಅವರ ತಲೆಯಿಂದ ಹೋಗಿತ್ತು. ಹುರುಪಿನಿಂದ ಹೊಸ ಕಾಗದ ಅಂಟಿಸಿ, ಸಂಜೆಯ ಹೊತ್ತಿಗೆ ಇನ್ನೊಂದು ಬಲಸುರುಳಿ ಬರೆದು, "ಆಯ್ತು," ಎಂದು ಕರೆದರು. ಅವಳು ಹಲಗೆ ತಿರುಗಿಸಿದಳು. ಮತ್ತೆ ಅದೇ ಗಾಬರಿ, ಅದೇ ಆಪಾದನೆ, ಅದೇ ಬೆರಳು, ಗೋಡೆಗೆ ತಿರುಗಿದ ಅದೇ ಮುಖ. ಮೂರನೆಯ ದಿನವೂ ಅಷ್ಟೇ. ಪ್ರತಿಸಲವೂ ಅವರಿಗೆ ಅದು ಹೊಸ ಸುದ್ದಿ.

ನಾಲ್ಕನೆಯ ದಿನ ಅವರು ಕರೆದಾಗ ಅವಳು ಹಲಗೆಯ ಅಂಚು ಹಿಡಿದು ನಿಂತಳು. ತಿರುಗಿಸಲು ಕೈ ಬರಲಿಲ್ಲ.

"ಹೇಗಿದೆ?"

"ಚೆನ್ನಾಗಿದೆ ಅಪ್ಪಾ."

"ಎರಡೂ ಕಡೆ ಸಮ ಬಂದಿದೆಯಾ?"

"ಬಂದಿದೆ."

ಗೆರೆಯ ವಿಷಯದಲ್ಲಿ ಸುಳ್ಳು ಹೇಳಿದವರನ್ನು ಅವರು ಕೆಲಸದಿಂದಲೇ ಓಡಿಸುತ್ತಿದ್ದರು. ಈಗ ನಗುತ್ತ ಎದ್ದು ಕೈ ತೊಳೆಯಲು ಹೋದರು.

ಅವಳು ಬಲಸುರುಳಿಯ ಮೇಲೆ ತೆಳುಕಾಗದ ಹಾಕಿ ತಿದ್ದಿ, ಆ ಕಾಗದವನ್ನು ಮಗುಚಿ ಎಡಕ್ಕೆ ಇಳಿಸಿದಳು. ಅಂಗೈಯಲ್ಲಿ ಒತ್ತಿ ತೆಗೆದರೆ ಬೋದಿಗೆ ಪೂರ್ತಿಯಾಗಿತ್ತು. ಕಲಿಯದೆಯೇ ಮುಗಿದುಹೋದ ಕೆಲಸ. ಅದರ ಅಚ್ಚು ತೆಗೆದು, ಎರಡು ಎರಕ ಹೊಯ್ದು ಕಳಿಸಿದಳು.

ಬೋದಿಗೆಗಳನ್ನು ಕೂರಿಸಿದ ಮೇಲೆ, ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರಮ್ಮ ಅಪ್ಪ ಮಗಳಿಬ್ಬರನ್ನೂ ಪುರಭವನಕ್ಕೆ ಕರೆಸಿಕೊಂಡಳು. ಮಗಳು ಅಪ್ಪನ ಎಡಗೈ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದಳು. ಮೂವರೂ ಕಂಬಗಳ ಎದುರು ನಿಂತರು. ಮೇಸ್ತ್ರಿ ಬಲಗಡೆಯ ಕಂಬವನ್ನು ಬುಡದಿಂದ ನೆತ್ತಿಯವರೆಗೆ ನಿಧಾನವಾಗಿ ನೋಡಿದರು.

"ಚೆನ್ನಾಗಿ ಕೂತಿದೆ. ಕಂಬಕ್ಕೆ ಭಾರ ಅನ್ನಿಸ್ತಿಲ್ಲ."

"ಆ ಕಂಬದ್ದೂ ನೋಡಿ ಮೇಸ್ತ್ರಿ," ಎಂದು ಇಂಜಿನಿಯರಮ್ಮ ಎಡಗಡೆಗೆ ಕೈ ತೋರಿಸಿದಳು.

"ನೋಡಿದೆನಲ್ಲಮ್ಮ."

ಅವಳು ಅರ್ಥವಾಗದೆ ಮಗಳ ಕಡೆ ನೋಡಿದಳು. ಮಗಳು ಬೇಡ ಎನ್ನುವಂತೆ ತಲೆಯಾಡಿಸಿದಳು.

"ಎರಕ ನನ್ನ ಮಗಳದ್ದು," ಎಂದರು ಮೇಸ್ತ್ರಿ. "ಅವಳ ಕೈ ಶುದ್ಧ. ಗೆರೆ ಮಾತ್ರ ನಾನೇ ಕಲಿಸಲಿಲ್ಲ, ತಪ್ಪು ಮಾಡಿದೆ. ಇವತ್ತಿಂದಲೇ ಶುರು ಮಾಡ್ಬೇಕು. ಕರೀರಿ ಅವಳನ್ನ, ನಿಮ್ಮೆದುರಿಗೇ ಹೇಳ್ತೀನಿ. ಎಲ್ಲಿ ಹೋದ್ಲು?"

ಅವರು ಬಲಕ್ಕೆ ತಿರುಗಿ ಬಾಗಿಲಿನ ಕಡೆ ನೋಡತೊಡಗಿದರು. ಹೊರಗೆ ಬಿಸಿಲಿತ್ತು, ಜನ ಬರುತ್ತ ಹೋಗುತ್ತ ಇದ್ದರು. ಅವರ ಎಡಕ್ಕೇ ನಿಂತಿದ್ದ ಮಗಳು, ಹಿಡಿದಿದ್ದ ಕೈಯ ಮೇಲೆ ತನ್ನ ಇನ್ನೊಂದು ಕೈಯನ್ನೂ ಇಟ್ಟಳು. ಅವರು ಬಾಗಿಲನ್ನೇ ನೋಡುತ್ತಿದ್ದರು.